ಒಂದೇ ಪ್ರಶ್ನೆಯ ಇಂಟರ್‌ವ್ಯೂ

ಕಂಪನಿಯ ಯಜಮಾನರಾದ ಗುರುಪಾದ ಸರ್ ತಮ್ಮ ಕಂಪ್ಯೂಟರನ್ನೇ ಮಂದಾರಳ ಕಡೆ ತಿರುಗಿಸಿದರು. ಪರದೆಯ ತುಂಬ ಕೋಡ್.

"ಈ ಫಂಕ್ಷನ್ ಏನು ಮಾಡುತ್ತೆ, ಹೇಳಮ್ಮ. ಇದೊಂದೇ ಪ್ರಶ್ನೆ."

ಇದು ಅವಳ ಆರನೆಯ ಇಂಟರ್‌ವ್ಯೂ. ಈ ಕೆಲಸವೂ ಕೈತಪ್ಪಿದರೆ ಮನೆಯಲ್ಲಿ ಮುಖ ತೋರಿಸುವಂತಿರಲಿಲ್ಲ. ನಲವತ್ತು ಸಾಲುಗಳನ್ನು ಎರಡೆರಡು ಸಲ ಓದಿದಳು, ತಲೆಬುಡ ಅರ್ಥವಾಗಲಿಲ್ಲ.

"ಗೊತ್ತಾಗ್ತಿಲ್ಲ ಸರ್," ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ. "ಇದನ್ನ ಬರೆದವರು ಟಿಪ್ಪಣಿ ಇಟ್ಟಿರ್ತಾರಲ್ಲ, ಅದನ್ನ ನೋಡ್ಬಹುದಾ?"

"ನೋಡು. ಯಾರು ಬೇಡ ಅಂದ್ರು?"

ಫಂಕ್ಷನ್ನಿನ ಹೆಸರಿನ ಮೇಲೆ ಮೌಸ್ ಇಟ್ಟಳು. ಅದನ್ನು ಬರೆದವರ ಟಿಪ್ಪಣಿ ಪುಟ್ಟ ಚೌಕದಲ್ಲಿ ತೆರೆದುಕೊಂಡಿತು. ಓದುತ್ತಲೇ ಮಂದಾರಳಿಗೆ ಹೊಟ್ಟೆಯೊಳಗಿಂದ ನಗು ಉಕ್ಕಿತು. ತುಟಿ ಕಚ್ಚಿ ಹಿಡಿದರೂ ಕಿಸಕ್ಕೆಂದು ಹೊರಬಿದ್ದೇಬಿಟ್ಟಿತು.

"ನಗೋದು ಆಮೇಲೆ. ಗಟ್ಟಿಯಾಗಿ ಓದಮ್ಮ."

"'ಇದು ಏನು ಮಾಡುತ್ತೆ ಅನ್ನೋದು ಬರೆದ ನನಗೇ ಮರೆತುಹೋಗಿದೆ. ಆದರೆ ತೆಗೆದರೆ ಎಲ್ಲ ನಿಂತುಹೋಗುತ್ತೆ. ಇಂತಿ, ಗುರುಪಾದ.'"

"ಸೋಮವಾರದಿಂದ ಬಂದುಬಿಡು," ಎಂದರು ಅವರು. "ಬೆಳಗ್ಗೆಯಿಂದ ಒಂಬತ್ತು ಜನ ಇದನ್ನ ನನಗೇ ಚೆನ್ನಾಗಿ ವಿವರಿಸಿ ಹೋದ್ರು."