ಗಂಟೆ ಹೊಡೆಯುವವರೆಗೆ

ರೌಂಡು ಮುಗಿದ ಗಂಟೆ ಹೊಡೆದದ್ದೇ ತಡ, "ಅಗೋ, ನಿನ್ ಗಂಡ ಕಣಮ್ಮಿ!" ಎಂದು ರಂಗಸ್ವಾಮಿ ಮೊಬೈಲನ್ನು ಪ್ರಿಯಾಂಕಳತ್ತ ತಿರುಗಿಸಿದ. ತೆರಕಣಾಂಬಿಯ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತಿದ್ದವರೆಲ್ಲ ಬಗ್ಗಿ ನೋಡಿದರು. ದೂರದ ಸೌದಿಯಲ್ಲಿ, ಹೆವಿವೇಯ್ಟ್ ಬಾಕ್ಸಿಂಗ್ ವಿಶ್ವ ಪಟ್ಟಕ್ಕಾಗಿ ಹೊಡೆದಾಡುತ್ತಿದ್ದ ದೈತ್ಯರಿಬ್ಬರು ರಿಂಗಿನ ಮೂಲೆಗಳಲ್ಲಿ ಕೂತು ಏದುಸಿರು ಬಿಡುತ್ತಿದ್ದರು. ಅವರ ಕಾಲ ಬಳಿ ಚೆಲ್ಲಿದ ನೀರನ್ನು ಮಾದೇಶ ಮಂಡಿಯೂರಿ ಒರೆಸುತ್ತಿದ್ದ.

ದಿನವೂ ವಿಡಿಯೋ ಕಾಲ್‌ನಲ್ಲಿ ಅವನ ಮುಖ ಕಾಣುತ್ತಿತ್ತು. ಮುಖವಷ್ಟೇ. ಅವನು ಬಗ್ಗುವುದು, ಏಳುವುದು, ಒದ್ದೆ ಬಟ್ಟೆಯನ್ನು ಎಡಹೆಗಲಿಗೆ ಎಸೆದುಕೊಂಡು ನಡೆಯುವುದು, ಇದನ್ನೆಲ್ಲ ಅವಳು ಕಂಡು ಎರಡು ವರ್ಷವಾಗಿತ್ತು. "ಮನೇಲಿ ಒಂದಿನಾನೂ ನೆಲ ಒರ್ಸ್ದೋನಲ್ಲ" ಎಂದು ನಕ್ಕಳು. ಅಷ್ಟರಲ್ಲಿ ಮತ್ತೆ ಗಂಟೆ ಹೊಡೆಯಿತು. ಮಾದೇಶ ಹಗ್ಗದಡಿ ನುಸುಳಿ ಮರೆಯಾದ.

ಆಮೇಲೆ ಅವಳಿಗೆ ಹೊಡೆದಾಟವೇ ಕಾಣಲಿಲ್ಲ. ಒಂದೊಂದು ರೌಂಡು ಮುಗಿಯುವುದನ್ನೇ ಕಾದಳು.

"ಇನ್ನೆಷ್ಟು ರೌಂಡಣ್ಣ?"

"ಒಟ್ಟು ಅನ್ನೆರಡು. ಅಲ್ಲೀಗಂಟ ಎಲ್ಲಿ ಬುಡು, ಒಬ್ಬ ಬಿದ್ದು, ಹತ್ತು ಎಣ್ಸಾಗಂಟ ಏಳ್ನಿಲ್ಲ ಅಂದ್ರೆ ಮುಗೀತು."

ಐದನೇ ರೌಂಡಿನಲ್ಲಿ ಒಬ್ಬ ಬಿದ್ದೇಬಿಟ್ಟ. ಡೈರಿ ಮುಂದೆ ಶಿಳ್ಳೆ, ಕೇಕೆ. ರೆಫರಿ ಬಿದ್ದವನ ಮೇಲೆ ಬಾಗಿ ಎಣಿಸತೊಡಗಿದ. ಪ್ರಿಯಾಂಕ ಕ್ಯಾನು ಕೆಳಗಿಟ್ಟಳು. ಮೊಬೈಲಿಗೆ ಮುಖ ತಾಗುವಷ್ಟು ಹತ್ತಿರ ಹೋಗಿ, ಹೆಸರೂ ಗೊತ್ತಿಲ್ಲದ ಆ ಮನುಷ್ಯನನ್ನು ಬೇಡಿಕೊಂಡಳು: "ಏಳಪ್ಪಾ... ಗೆಲ್ಲದೇನೂ ಬ್ಯಾಡ. ಗಂಟೆ ಹೊಡಿಯೋವರ್ಗೂ ನಿಂತ್ಕೊ, ಸಾಕು."