ಕೀ ಕೊಡುವ ವಾಚು

ಕೊಳ್ಳುತ್ತೀಯಾ ಎಂದು ಭಾವ ಕೊಟ್ಟ ವಾಚನ್ನು ಅವನು ಕಿವಿಗೆ ಹಿಡಿದ. ಹಳೆಯ ವಾಚು ಕೊಳ್ಳುವ ಹುಚ್ಚು ಅವನಿಗೆ ಹೊಸದು. ಇದುವರೆಗೆ ಕಲಿತದ್ದು ಒಂದೇ ಪಾಠ: ಮಾರುವವರ ಕಥೆ ಕೇಳಬಾರದು, ವಾಚಿನ ಸದ್ದು ಕೇಳಬೇಕು. ಕೀ ಕೊಡುವ ವಾಚಿನ ಸದ್ದು ಬಿಡುವಿಲ್ಲದೆ ಓಡುತ್ತಿರುತ್ತದೆ.

“ನಮ್ಮಪ್ಪಂದು. ಇವತ್ತೂ ಬೆಳಿಗ್ಗೆ ನಾನೇ ಕೀ ಕೊಟ್ಟಿದೀನಿ,” ಎಂದ ಭಾವ. “ಬೇರೆಯವರಾಗಿದ್ರೆ ಮುಟ್ಟೋಕೂ ಬಿಡ್ತಿರ್ಲಿಲ್ಲ.”

ಅಕ್ಕ ಚಹಾ ಸೋಸುತ್ತಿದ್ದಳು. ಇನ್ನು ಒಂದೂ ಸುಳ್ಳು ಹೇಳುವುದಿಲ್ಲವೆಂದು ಭಾವ ಮಾತು ಕೊಟ್ಟ ಮೇಲೆ, ಹೋದ ವಾರವಷ್ಟೇ ಅವಳು ತವರಿನಿಂದ ಈ ಮನೆಗೆ ಮರಳಿದ್ದಳು. “ಏನೋ, ಡಾಕ್ಟರ್ ಥರ ಹಿಡ್ಕೊಂಡಿದೀಯ. ಜೀವ ಇದೆಯಾ?” ಎಂದು ನಕ್ಕಳು.

ಕಿವಿಯಲ್ಲಿ ಟಕ್ ಎಂದಿತು. ಸುಮ್ಮನಾಯಿತು. ಮತ್ತೆ ಟಕ್. ಚೆನ್ನಾಗಿದೆ ಎಂದುಬಿಡಬಹುದಿತ್ತು.

“ಇದು ಕೀ ಕೊಡೋ ವಾಚಲ್ಲ, ಭಾವ. ಒಳಗೆ ಸೆಲ್ ಇದೆ.”

ಭಾವ ಕಿಟಕಿಯ ಕಡೆ ತಿರುಗಿದ. ಅಕ್ಕನ ಮುಖ ಬದಲಾಗಲಿಲ್ಲ. ಚಹಾ ತುಂಬಿದ ಲೋಟವನ್ನು ಗಂಡನ ಮುಂದಿಟ್ಟಳು. ಮೊದಲ ಸಲ ಮನೆಗೆ ಬಂದವರನ್ನು ಕೇಳುವ ದನಿಯಲ್ಲಿ, “ನಿಮಗೆ ಸಕ್ಕರೆ ಎಷ್ಟು ಹಾಕಲಿ?” ಎಂದಳು.