ಗೋಧಿ ಸೋಕದ ಅನ್ನ

"ಬಾಯಿ ತೆಗಿ."

ಕಾಮಾಕ್ಷಿ ತೆಗೆಯಲಿಲ್ಲ. ಹಿತ್ತಿಲ ಗೋಡೆಗೆ ಬೆನ್ನು ಕೊಟ್ಟು, ತುಟಿ ಬಿಗಿದುಕೊಂಡು, ಅವ್ವನ ಮುಖವನ್ನೇ ನೋಡುತ್ತಾ ನಿಂತಳು. ಹಾಲಮ್ಮ ಮಗಳ ಗಲ್ಲ ಹಿಡಿದಳು. ಎಷ್ಟು ದಿನದಿಂದ ಹೊಂಚು ಹಾಕಿದ್ದಳು! ಇವತ್ತು ಹುಡುಗಿ ಸಿಕ್ಕಿಬಿದ್ದಳು, ಇವತ್ತು ಆ ಹುಲಿಗೆಮ್ಮನ ಬಂಡವಾಳ ಬಯಲಾಗುತ್ತೆ ಅಂದುಕೊಂಡಳು.

ಹುಲಿಗೆಮ್ಮ ಅವಳ ಓರಗಿತ್ತಿ. ಒಂದೇ ಮನೆ, ಒಲೆ ಮಾತ್ರ ಬೇರೆ. ಅಜ್ಜಂಪುರದ ರೇಷನ್ ಡಿಪೋದಲ್ಲಿ ಗೋಧಿ ಕೊಡೋಕೆ ಶುರುವಾದಾಗಿನಿಂದ ಆ ಒಲೆಯ ಮೇಲೆ ದಿನಾ ಚಪಾತಿ. ಕಾಮಾಕ್ಷಿಗೋ ಗೋಧಿ ಅಂದರೆ ವಿಷ. ಅವಳಪ್ಪ ಲಕ್ಕವಳ್ಳಿ ಅಣೆಕಟ್ಟಿನ ಕೆಲಸದಲ್ಲಿದ್ದಾಗ ಕ್ಯಾಂಪಿನ ಚಪಾತಿ ತಿಂದು ತಿಂದು ಹುಡುಗಿಯ ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿ, ಇನ್ನೇನು ಕೈತಪ್ಪಿ ಹೋದಳು ಅನ್ನುವಾಗ ಕ್ಯಾಂಪಿನ ಷಣ್ಮುಖಪ್ಪ ಡಾಕ್ಟರು ರೋಗ ಕಂಡುಹಿಡಿದಿದ್ದರು. "ಇವಳ ಕರುಳಿಗೆ ಗೋಧಿ ಆಗೋದಿಲ್ಲ. ಜೀವ ಇರೋತನಕ ಮುಟ್ಟಿಸಬೇಡಿ." ಹಾಲಮ್ಮ ಮುಟ್ಟಿಸಲಿಲ್ಲ, ಹುಡುಗಿ ಬದುಕಿಕೊಂಡಳು. ವರ್ಷಗಳು ಸರಿಯಾಗೇ ಕಳೆದವು. ಈಚೆಗೆ ನೋಡಿದರೆ ಮತ್ತೆ ಬಿಳುಚಿಕೊಂಡಿದ್ದಾಳೆ, ಬಿಂದಿಗೆ ಎತ್ತಿದರೆ ಏದುಸಿರು, ಮೊನ್ನೆ ಸ್ಕೂಲಿನಲ್ಲಿ ಪ್ರಾರ್ಥನೆಗೆ ನಿಂತಲ್ಲೇ ಕುಸಿದುಬಿಟ್ಟಳು. ಯಾರೋ ಕದ್ದು ಗೋಧಿ ತಿನ್ನಿಸುತ್ತಿದ್ದಾರೆ. ಯಾರು ಅಂತ ಬೇರೆ ಕೇಳಬೇಕೇ? "ನನ್ನ ಮಗಳಿಗೆ ವಿಷ ಹಾಕ್ತಿದೀಯ ಕಣೇ" ಅಂತ ಹಾಲಮ್ಮ ಅಂದೂ ಆಗಿತ್ತು, ಹುಲಿಗೆಮ್ಮ ಮಾತು ಬಿಟ್ಟೂ ಆಗಿತ್ತು.

ಗಲ್ಲ ಒತ್ತಿದಾಗ ಹುಡುಗಿಯ ಬಾಯಿ ತೆರೆಯಿತು. ಒಳಗೆ ಚಪಾತಿ ಇರಲಿಲ್ಲ. ಕೆಮ್ಮಣ್ಣಿತ್ತು. ಅವಳ ಬೆನ್ನ ಹಿಂದೆ ಗೋಡೆಯಲ್ಲಿ ಅಂಗೈಯಗಲದ ಗುಳಿ. ಇದು ಇಲಿ ಕೆಲಸ ಅಂತ ಬೈದುಕೊಂಡು ಆ ಗುಳಿಯನ್ನು ಹಾಲಮ್ಮನೇ ಎಷ್ಟು ಸಲ ಮೆತ್ತಿದ್ದಳೋ.

"ಯಾಕೆ ತಿಂತೀಯೇ ಇದನ್ನ?"

"ಮಳೆ ಬಿದ್ದಂಗೆ ವಾಸನೆ ಬತ್ತದೆ ಅವ್ವ. ತಡಕೊಳ್ಳಕ್ಕಾಗಲ್ಲ."

ಮಾರನೆಯ ಬೆಳಗಿನ ಬಸ್ಸಿಗೆ ತಾಯಿ ಮಗಳು ತರೀಕೆರೆಗೆ ಹೊರಟರು. ಷಣ್ಮುಖಪ್ಪನವರು ಈಗ ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಸ್ವಂತ ಡಾಕ್ಟರ್ ಶಾಪು ಇಟ್ಟಿದ್ದರು. ದಾರಿಯುದ್ದಕ್ಕೂ ಹಾಲಮ್ಮ ಸೆರಗಿನ ತುದಿಯನ್ನು ತಿರುಚುವುದು, ಬಿಚ್ಚುವುದು, ಇನ್ನೆಷ್ಟು ದೂರ ಅಂತ ಕಂಡಕ್ಟರನ್ನು ಕೇಳಿ ಕೇಳಿ ಬೈಸಿಕೊಳ್ಳುವುದು, ಇದೇ ಆಯಿತು.

ಡಾಕ್ಟರು ಹುಡುಗಿಯ ಕಣ್ಣಿನ ಕೆಳರೆಪ್ಪೆ ಇಳಿಸಿ ನೋಡಿದರು. ನಾಲಿಗೆ ನೋಡಿದರು, ಉಗುರು ನೋಡಿದರು, ಹೊಟ್ಟೆ ಒತ್ತಿದರು.

"ಗೋಧಿ ತಿಂದಿಲ್ಲ ಇವಳು. ಹೊಟ್ಟೆ ಚೆನ್ನಾಗಿದೆ. ಮೈಯಲ್ಲಿ ರಕ್ತ ಇಲ್ಲ, ಅದಕ್ಕೇ ಮಣ್ಣಿನ ಚಪಲ. ಏನು ಊಟ ಹಾಕ್ತೀಯಮ್ಮ?"

ಹಾಲಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಳು. ಈ ಪ್ರಶ್ನೆಗೆ ಅವಳು ಯಾವತ್ತೂ ತಲೆ ತಗ್ಗಿಸಬೇಕಾಗಿರಲಿಲ್ಲ. "ಬಿಳೀ ಅನ್ನ ಸ್ವಾಮಿ. ಮಿಲ್ಲಲ್ಲಿ ಪಾಲಿಶ್ ಹೊಡೆಸಿದ್ದು. ನಾವೆಲ್ಲ ಮುದ್ದೆ ಉಂಡ್ರೂ ಇವಳಿಗೆ ಒಂದಿನಾನೂ ತಪ್ಪಿಸಿಲ್ಲ."

"ಜೊತೆಗೆ?"

"ತಿಳಿಸಾರು, ನೀರುಮಜ್ಜಿಗೆ. ಸೊಪ್ಪು ಕಾಳು ಕರುಳಿಗೆ ಭಾರ ಅಂತ ಬಿಡ್ಸಿದೀನಿ."

"ರಾಗಿ?"

"ಶಿವನೇ, ರಾಗಿ ಬೀಸೋ ಗಿರಣೀಲೇ ಗೋಧೀನೂ ಬೀಸ್ತಾರೆ. ಅದನ್ನ ಹೆಂಗೆ ಕೊಡ್ಲಿ?"

ಔಷಧಿ ಬರೆಯುತ್ತಿದ್ದ ಡಾಕ್ಟರು ತಲೆಯೆತ್ತಿದರು. "ಅದು ನಿಜವೇ. ಗಿರಣಿ ಹಿಟ್ಟು ಬೇಡ. ಆದರೆ ಮನೇಲಿ ಬೀಸೋ ಕಲ್ಲಿಲ್ವೇನಮ್ಮ? ನಾನು ಬಿಡು ಅಂದಿದ್ದು ಗೋಧಿ. ನೀನು ಬಿಡಿಸಿದ್ದು ಎಲ್ಲಾನೂ. ಬರೀ ಬಿಳೀ ಅನ್ನದಲ್ಲಿ ರಕ್ತ ಎಲ್ಲಿಂದ ಬರಬೇಕು?"

ಓರಗಿತ್ತಿಗೆ ಅಂದ ಮಾತೇ ಬಸ್ಸಿನಲ್ಲಿ ಊರು ಮುಟ್ಟುವ ತನಕ ಹಾಲಮ್ಮನ ಕಿವಿಯಲ್ಲಿತ್ತು. ನಾಚಿಕೆಯೂ ಆಯಿತು, ಭಯವೂ ಆಯಿತು. ಪಕ್ಕದಲ್ಲಿ ನಿದ್ದೆಹೋದ ಮಗಳ ಬಿಳೀ ಉಗುರುಗಳನ್ನು ಮುಚ್ಚಿ ಹಿಡಿದುಕೊಂಡು ಕೂತಳು.

ಮನೆಗೆ ಬಂದವಳೇ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದ್ದ ಬೀಸುವ ಕಲ್ಲನ್ನು ಹೊರಗೆಳೆದಳು. ಊರಿಗೆ ಗಿರಣಿ ಬಂದದ್ದು ಮೊದಲು, ಗೋಧಿ ಬಂದದ್ದು ಆಮೇಲೆ. ಈ ಕಲ್ಲು ಗೋಧಿಯ ಮುಖವನ್ನೇ ಕಂಡಿರಲಿಲ್ಲ. ಆದರೂ ಉಜ್ಜಿ ಉಜ್ಜಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಬಿಸಿಲಿಗಿಟ್ಟು, ಸಂಜೆಗೆ ರಾಗಿ ಸುರಿದು ಗೂಟ ಹಿಡಿದಳು. ಅಭ್ಯಾಸ ತಪ್ಪಿದ ಕೈ, ಕಲ್ಲು ಅರ್ಧ ಸುತ್ತಿಗೇ ನಿಂತಿತು. ಇನ್ನೊಮ್ಮೆ ಎಳೆದಳು, ಮತ್ತೆ ನಿಂತಿತು.

ಚಪಾತಿ ಲಟ್ಟಿಸುತ್ತಿದ್ದ ಹುಲಿಗೆಮ್ಮ ಇದನ್ನೆಲ್ಲ ನೋಡುತ್ತಲೇ ಇದ್ದಳು. ಎದ್ದು ಬಚ್ಚಲಿಗೆ ಹೋಗಿ, ಮೊಣಕೈ ತನಕ ಸೀಗೆಪುಡಿ ಹಾಕಿ ಉಜ್ಜಿ ಹಿಟ್ಟೆಲ್ಲ ತೊಳೆದು, ಸೀರೆ ಬದಲಾಯಿಸಿಕೊಂಡು ಬಂದು, ಎದುರಿಗೆ ಕೂತು ಗೂಟಕ್ಕೆ ಕೈ ಹಾಕಿದಳು. ಕಲ್ಲು ತಿರುಗಿತು.

"ಡಾಕ್ಟರು ಏನಂದ್ರು?"

"ಗೋಧಿ ಅಲ್ವಂತೆ ಕಣೇ," ಅಂದಳು ಹಾಲಮ್ಮ. "ನಾನೇ ಅಂತೆ."

ಹುಲಿಗೆಮ್ಮ ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ರಾಗಿ ಹಾಕುತ್ತಾ ಹೇಳಿದಳು. "ನಾನೂ ಒಂದಿನ ಕದ್ದು ಕೊಟ್ಟಿದ್ದುಂಟು ಅಕ್ಕ. ಚಪಾತಿ ಅಲ್ಲ. ಬಸ್ಸಾರಲ್ಲಿ ಅದ್ದಿ ಒಂದು ತುತ್ತು ಮುದ್ದೆ."

"ತಿಂದಳಾ?"

"ಇಲ್ಲ. ಮೂಸಿ ನೋಡಿ ವಾಪಸ್ ಕೊಟ್ಟಳು. ನಾನಿದನ್ನ ತಿಂದ್ರೆ ನಮ್ಮವ್ವ ಅಳ್ತಾಳೆ ಚಿಕ್ಕಮ್ಮ ಅಂದು, ಎದ್ದು ಹಿತ್ತಿಲಿಗೆ ಹೋದಳು."

ಕಲ್ಲು ನಿಂತುಬಿಟ್ಟಿತು.

"ನಿಲ್ಲಿಸಬ್ಯಾಡ ಅಕ್ಕ," ಅಂದಳು ಹುಲಿಗೆಮ್ಮ. "ಬೀಸು. ಅವಳು ಹಸ್ಕೊಂಡವ್ಳೆ."